ತಪ್ಪು ಗೋಲಿಗೆ ತಟ್ಟಿಸಿದ ಚಪ್ಪಾಳೆ

ಹಾರ್ಡ್ ಡಿಸ್ಕಿನ ಜೊತೆಗೆ ಅವಳು ಒಂದು ನೋಟ್‌ಬುಕ್ಕನ್ನೂ ತಂದಿದ್ದಳು. ನೀಲಿ ರಟ್ಟಿನ ಉದ್ದನೆಯ ಪುಸ್ತಕ, ಒಳಗೆ ಸ್ಕೇಲು ಹಿಡಿದು ಎಳೆದ ಗೆರೆಗಳು. ಯಾವ ಕ್ಲಿಪ್ಪು, ಆಟದ ಎಷ್ಟನೇ ನಿಮಿಷ, ಮೈದಾನದಲ್ಲಿ ಆಗ ಏನಾಯಿತು, ನೋಡುತ್ತಿದ್ದ ಹೆಂಗಸರಲ್ಲಿ ಯಾರು ಏನು ಮಾಡಿದರು, ಎಲ್ಲವನ್ನೂ ಬರೆದಿದ್ದಳು. "ಇದನ್ನ ಒಂದ್ಸಲ ಓದ್ಬಿಟ್ಟು ಶುರು ಮಾಡಿ ಅಕ್ಕ, ಸುಲಭ ಆಗುತ್ತೆ" ಅಂದಳು. ಆರು ವರ್ಷದ ಹಿಂದೆ ಮಂಡ್ಯದ ಇದೇ ಕೋಣೆಯಲ್ಲಿ, ನನ್ನ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಒಂದು ಕ್ಲಿಪ್ಪಿಗೆ ಇನ್ನೊಂದನ್ನು ಹೇಗೆ ಜೋಡಿಸಬೇಕೆಂದು ನನ್ನಿಂದ ಕಲಿತ ಹುಡುಗಿ. ಈಗ ಅವಳು ನಿರ್ದೇಶಕಿ. ನಾನು ಅದೇ ಕುರ್ಚಿಯಲ್ಲಿದ್ದೆ.

ಅವಳು ಹೋದ ಮೇಲೆ ಆ ನೋಟ್‌ಬುಕ್ಕನ್ನು ಮಾನಿಟರಿನ ಕೆಳಗಿಟ್ಟೆ. ಮಾನಿಟರ್ ತಗ್ಗಾಯಿತು, ಕತ್ತು ನೋಯುತ್ತದೆ ಎಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಒಂದು ಬೆರಳಿನಷ್ಟು ಮೇಲೆ ಬಂತು, ಸರಿಯಾಯಿತು. ನನಗೆ ಹೊಟ್ಟೆಕಿಚ್ಚು. ಅದನ್ನು ಬೇಸರ ಎಂದೋ ಕೆಲಸದ ಒತ್ತಡ ಎಂದೋ ಕರೆದು ಚಂದ ಮಾಡುವ ಆಸೆ ನನಗಿಲ್ಲ.

ಚಿತ್ರ ಇಪ್ಪತ್ತೆರಡು ನಿಮಿಷದ್ದು. ವಿಷಯ ಇಷ್ಟೇ. ಮಳವಳ್ಳಿಯ ಒಂದು ಮೈದಾನದಲ್ಲಿ ವರ್ಷಕ್ಕೊಮ್ಮೆ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ಒಳಗೆ ಗಂಡಸರಿಗೆ ಕಲ್ಲಿನ ಮೆಟ್ಟಿಲುಗಳಿವೆ, ಶಾಮಿಯಾನ ಇದೆ. ಹೆಂಗಸರನ್ನು ಒಳಗೆ ಬಿಡುವುದಿಲ್ಲ. ಬರಬಾರದು ಎಂದು ಎಲ್ಲಿಯೂ ಬರೆದಿಲ್ಲ, ಆದರೆ ಗೇಟಿನಲ್ಲಿ ನಿಂತವರು "ಇಲ್ಲಿ ನಿಮ್ಗೇನ್ ಕೆಲ್ಸ" ಅನ್ನುತ್ತಾರೆ. ಹಾಗಾಗಿ ಎಂಟು ಹತ್ತು ಹೆಂಗಸರು ಕಾಂಪೌಂಡಿನ ಆಚೆ, ಕಬ್ಬು ಇಳಿಸಿ ಬಂದ ಖಾಲಿ ಟ್ರೇಲರ್ ಹತ್ತಿ ನಿಂತು ಆಟ ನೋಡುತ್ತಾರೆ. ಅವರ ಮುಂದಾಳು ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕ. ಟ್ರೇಲರ್ ಅವಳ ತಮ್ಮನದು. ಇಪ್ಪತ್ತು ವರ್ಷದಿಂದ ಒಂದು ಪಂದ್ಯವನ್ನೂ ಬಿಟ್ಟವಳಲ್ಲ.

ಪಂದ್ಯಾವಳಿ ನಡೆಸುವ ಕಮಿಟಿಯ ಕಾರ್ಯದರ್ಶಿ ಕ್ಯಾಮೆರಾದ ಮುಂದೆ ನಗುನಗುತ್ತಲೇ ಹೇಳಿದ್ದರು: "ನಾವೇನ್ ಬ್ಯಾಡ ಅನ್ನಲ್ಲಮ್ಮ. ಆದ್ರೆ ಎಂಗಸ್ರಿಗೆ ಆಟ ಏನ್ ಗೊತ್ತು ಹೇಳಿ. ಗೋಲ್ ಆದ್ರೂ ಕೂಗ್ತಾರೆ, ಬಾಲ್ ಆಚೆಗೋದ್ರೂ ಕೂಗ್ತಾರೆ." ನನ್ನ ಶಿಷ್ಯೆ ಅವರ ಹಿಂದೆ ಬಿದ್ದು ಒಂದು ಮಾತು ಪಡೆದಿದ್ದಳು. ಈ ಸಲದ ಪಂದ್ಯಾವಳಿಗೆ ಮೊದಲು ಕಮಿಟಿಯವರೆಲ್ಲ ಕೂತು ಚಿತ್ರ ನೋಡುತ್ತಾರೆ. ಹೆಂಗಸರನ್ನು ಒಳಗೆ ಕೂರಿಸಬೇಕೋ ಬೇಡವೋ ಎನ್ನುವುದು ಆಮೇಲೆ ತೀರ್ಮಾನ. ನನ್ನ ಕೈಯಲ್ಲಿ ಹದಿಮೂರು ದಿನ ಇತ್ತು.

ಮೊದಲ ಮೂರು ದಿನ ಬರೀ ನೋಡುವುದರಲ್ಲೇ ಹೋಯಿತು. ಹೋದ ವರ್ಷದ ಪಂದ್ಯ, ಎರಡು ಕ್ಯಾಮೆರಾ. ಒಂದು ಮೈದಾನದೊಳಗೆ, ಬಾಡಿಗೆ ಕ್ಯಾಮೆರಾಮನ್ನನದು. ಇನ್ನೊಂದು ಟ್ರೇಲರ್ ಮೇಲೆ ಸ್ಟ್ಯಾಂಡಿಗೆ ಹಾಕಿದ್ದು, ಶಿಷ್ಯೆಯದೇ. ಹೆಡ್‌ಫೋನ್ ಹಾಕಿಕೊಂಡು ಕೂತರೆ ಕಿವಿಯ ತುಂಬ ಅವಳದೇ ದನಿ. ಹೆಂಗಸರ ಜೊತೆ ಕಡಲೆಕಾಯಿ ತಿನ್ನುತ್ತಾಳೆ, ಯಾರದೋ ಸೊಸೆಯ ವಿಷಯಕ್ಕೆ ನಗುತ್ತಾಳೆ. ಬಿಸಿಯೂಟದ ಅಕ್ಕ ಅವಳನ್ನು "ನಮ್ಮುಡ್ಗಿ" ಅನ್ನುತ್ತಾಳೆ. "ಏ ನಮ್ಮುಡ್ಗಿ, ಈ ಕಡೀಕ್ ಬಾರೆ, ಅಲ್ಲಿಂದ ಗೆರೆ ಕಾಣಾಕಿಲ್ಲ." ಎಷ್ಟೋ ಮದುವೆಗಳಿಗೆ ನಾನೂ ಕ್ಯಾಮೆರಾ ಹಿಡಿದುಕೊಂಡು ಹೋಗಿದ್ದೇನೆ. ನನ್ನ ಕ್ಯಾಮೆರಾದ ಹತ್ತಿರ ಬಂದ ಹೆಂಗಸರು ಆಡಿದ ಮಾತೆಂದರೆ ಮುಖ ದಪ್ಪ ಕಾಣಬಾರದು ಎನ್ನುವುದೊಂದೇ. ಇವಳಿಗೆ ಇದು ಹೇಗೆ ಬಂತು? ನಾನಂತೂ ಕಲಿಸಿರಲಿಲ್ಲ. ಆ ನಗು ಕೇಳಿ ಕೇಳಿ ಎರಡನೇ ದಿನದಿಂದ ಟ್ರೇಲರಿನ ಶಬ್ದವನ್ನು ಪೂರ್ತಿ ಇಳಿಸಿ, ಚಿತ್ರ ಮಾತ್ರ ನೋಡತೊಡಗಿದೆ. ಆಮೇಲೆ ಹೇಗೂ ಸಂಗೀತ ಹಾಕುತ್ತೇವಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಇಲ್ಲಿ ನಮ್ಮ ಮದುವೆ ವಿಡಿಯೋದವರ ಒಂದು ಪದ್ಧತಿ ಹೇಳಬೇಕು. ಪ್ರತಿ ಮದುವೆಯ ಕೆಲಸಕ್ಕೂ ನಾವು ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿಕೊಳ್ಳುತ್ತೇವೆ, ಅದರ ಹೆಸರು 'ನಗುಮುಖ'. ಚೆನ್ನಾಗಿ ನಕ್ಕವರು, ಕಣ್ಣೊರೆಸಿಕೊಂಡವರು, ಚಪ್ಪಾಳೆ ತಟ್ಟಿದವರು ಎಲ್ಲರೂ ಅದರೊಳಗೆ. ತಾಳಿ ಕಟ್ಟುವ ಹೊತ್ತಿಗೆ ಒಂದು ನಗುಮುಖ ಬೇಕು ಅಂದರೆ ಅದರಿಂದ ತೆಗೆದು ಹಾಕುವುದು. ಆ ಸೋದರತ್ತೆ ನಿಜಕ್ಕೂ ನಕ್ಕದ್ದು ಊಟದ ಪಂಕ್ತಿಯಲ್ಲಿ ಒಬ್ಬಟ್ಟು ಬಂದಾಗ ಇರಬಹುದು. ತಾಳಿಯ ಪಕ್ಕದಲ್ಲಿ ಇಟ್ಟರೆ ತಾಳಿಗೆ ನಕ್ಕಂತೆಯೇ ಕಾಣುತ್ತದೆ. ಹದಿನೇಳು ವರ್ಷದಲ್ಲಿ ಒಬ್ಬರೂ ಬಂದು ನಾನು ಆಗ ನಕ್ಕಿಲ್ಲ ಎಂದು ಜಗಳ ಆಡಿರಲಿಲ್ಲ.

ಫುಟ್‌ಬಾಲಿಗೂ ಅದನ್ನೇ ಮಾಡಿದೆ. 'ಚಪ್ಪಾಳೆ' ಎಂದು ಒಂದು ಫೋಲ್ಡರ್, 'ಬೇಜಾರು' ಎಂದು ಇನ್ನೊಂದು. ಮೈದಾನದ ಕ್ಯಾಮೆರಾದಿಂದ ಒಳ್ಳೊಳ್ಳೆಯ ಗೋಲುಗಳನ್ನು ಆರಿಸಿದೆ. ಪ್ರತಿ ಗೋಲಿನ ಬೆನ್ನಿಗೆ ಟ್ರೇಲರಿನ ಒಂದು ಮುಖ. ತಾಳ ಸರಿಯಾಗಿ ಕೂತಿತು. ಐದನೇ ದಿನಕ್ಕೆ ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ನಿಮಿಷ ಕಟ್ಟಿ ಮುಗಿಸಿದೆ. ಅವಳ ನೋಟ್‌ಬುಕ್ಕಿನ ಒಂದು ಹಾಳೆಯನ್ನೂ ತಿರುಗಿಸದೆ ಮುಗಿಸಿದ್ದೇನೆ ಎಂದು ಒಳಗೊಳಗೇ ಹಿಗ್ಗಿದೆ. ಗುರು ಯಾರು ಅಂತ ತಿಳಿಯಲಿ ಅನ್ನುವ ಹಿಗ್ಗು ಅದು.

ಆರನೇ ದಿನ, ಭಾನುವಾರ, ಇಬ್ಬರೂ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಗೆ ಹೋದೆವು. ಹೆಂಗಸರಿಗೆ ಮೊದಲು ತೋರಿಸಬೇಕು ಎನ್ನುವುದು ಅವಳ ಹಟ. ಬಿಸಿಯೂಟದ ಅಕ್ಕನ ಮನೆಯ ಟೀವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಏಳು ಜನ ಚಾಪೆ ಹಾಸಿಕೊಂಡು ಕೂತರು. ಮೊದಲ ಹತ್ತು ನಿಮಿಷ ಬರೀ ಸಡಗರ. "ನೋಡೇ, ನಿನ್ ಮೂಗು." "ನನ್ ಸೀರೆ ಚೆನಾಗ್ ಬಂದದೆ." ನಾನು ಗೋಡೆಗೊರಗಿ ನಿಂತು ಶಿಷ್ಯೆಯ ಮುಖ ನೋಡುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಬಿಸಿಯೂಟದ ಅಕ್ಕ ಕೈ ಎತ್ತಿದಳು. "ನಿಲ್ಸವ್ವ. ವಸಿ ಇಂದಕ್ ಓಗು."

ಹಿಂದಕ್ಕೆ ಹೋದೆ. ಕೆಂಪು ಅಂಗಿಯ ಹುಡುಗ ಚೆಂಡನ್ನು ಬಲೆಗೆ ಹೊಡೆದ. ಬೆನ್ನಿಗೇ ಪರದೆಯ ತುಂಬ ಅವಳದೇ ಮುಖ, ಎರಡು ಕೈ ಎತ್ತಿ ಚಪ್ಪಾಳೆ.

"ಈ ಗೋಲ್ಗೆ ನಾನು ಚಪ್ಪಾಳೆ ಒಡ್ದಿಲ್ಲ ಕಣವ್ವ. ಇದು ಗೋಲೇ ಅಲ್ಲ. ಆಫ್‌ಸೈಡು."

"ಚೆಂಡು ಬಲೆಯೊಳಗೆ ಹೋಯ್ತಲ್ಲಕ್ಕ" ಅಂದೆ.

"ಓದ್ರೆ? ಅವ್ನ್ ಕಡೇರು ಬಾಲ್ ಒದ್ದಾಗ ಅವ್ನು ಎಲ್ಲವ್ನೆ ಅಂತ ನೋಡ್ಬೇಕು. ಡಿಫೆನ್ಸ್‌ನೋರ್ನ ದಾಟಿ ಆಗ್ಲೇ ಮುಂದ್ಕೆ ಓಗ್ಬುಟ್ಟಿದ್ದ. ಗೆರೆ ತಾವ್ ನಿಂತಿದ್ದೋರು ಬಾವುಟ ಎತ್ತುದ್ರು, ಗೋಲ್ ಕೊಡ್ನಿಲ್ಲ. ನಾನ್ಯಾಕೆ ಚಪ್ಪಾಳೆ ಒಡೀಲಿ?"

ಅವಳ ಪಕ್ಕದಲ್ಲಿದ್ದ ಮುದುಕಿ ಸೇರಿಸಿದಳು. "ಅಂಗೇ ಇದ್ಕಿಂತ ಮುಂಚೆ ನಾನು ಬೇಜಾರ್ ಮಾಡ್ಕೊಂಡಿವ್ನಿ ಅಂತ ತೋರ್ಸಿದೀರ. ಅದು ನಮ್ ಕಡೇರೇ ಒಡೆದಿದ್ ಗೋಲು."

ಆಗ ನಾನು ಆಡಿದ ಮಾತು ಇವತ್ತಿಗೂ ನಾಲಿಗೆಯ ಮೇಲೆ ಕಹಿಯಾಗಿಯೇ ಇದೆ. "ಅಯ್ಯೋ, ಎಲ್ಲಾ ಗೋಲೂ ಒಂದೇ ಥರ ಅಲ್ವಾಕ್ಕ. ನೋಡೋರಿಗೆ ಅಷ್ಟೆಲ್ಲ ಎಲ್ಲಿ ಗೊತ್ತಾಗುತ್ತೆ?"

"ಕಮಿಟಿಯೋರ್ಗೆ ಗೊತ್ತಾಯ್ತದೆ" ಅಂದಳು ಬಿಸಿಯೂಟದ ಅಕ್ಕ. ಕೂಗಾಡಲಿಲ್ಲ, ಸಾರಿಗೆ ಉಪ್ಪು ಹೆಚ್ಚಾಗಿದೆ ಅನ್ನುವಷ್ಟೇ ಮೆಲ್ಲಗೆ ಹೇಳಿದಳು. "ಆ ಸೆಕ್ರೆಟ್ರಿ ಇಪ್ಪತ್ ವರ್ಸದಿಂದ ಅದ್ನೇ ಯೋಳ್ತಾವ್ನೆ, ಇವ್ರಿಗೇನ್ ಗೊತ್ತು ಅಂತ. ನೀವು ಅವ್ನ್ ಮಾತ್ನ ನಿಜ ಮಾಡ್ಬುಟ್ರಲ್ಲ."

ನನ್ನ ಹತ್ತೊಂಬತ್ತು ನಿಮಿಷದ ಹಣೆಬರಹ ಇದು. ಆ ಮನುಷ್ಯ ಬಾಯಲ್ಲಿ ಹೇಳಿದ್ದನ್ನು ನಾನು ಚಿತ್ರದಲ್ಲಿ ಸಾಬೀತು ಮಾಡಿ ಕೊಟ್ಟಿದ್ದೆ. ಅವನಾದರೂ ಗೇಟಿನ ಹೊರಗೆ ನಿಲ್ಲಿಸಿದ್ದ. ನಾನು ಒಳಗೇ ಕರೆದು ತಪ್ಪು ಜಾಗದಲ್ಲಿ ಕೂರಿಸಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಶಿಷ್ಯೆ ಕೇಳಿದಳು, "ಅಕ್ಕ, ನೋಟ್‌ಬುಕ್ ನೋಡ್ಲಿಲ್ವಾ?"

"ನೋಡಿದೆ. ಕೆಲವು ಕಡೆ ಅರ್ಥ ಆಗಲಿಲ್ಲ" ಅಂದೆ. ಹಸಿ ಸುಳ್ಳು. ಅವಳು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು. ಬಯ್ದಿದ್ದರೆ ನನಗೆ ನೆಮ್ಮದಿ ಇರುತ್ತಿತ್ತು. ಅವಳ ತಾಳ್ಮೆಯ ಮೇಲೂ ನನಗೆ ಕಿಚ್ಚು ಹತ್ತಿತು.

ಸೋಮವಾರ ಬೆಳಿಗ್ಗೆ ಒಂದು ತೀರ್ಮಾನ ಮಾಡಿದೆ. ತೇಪೆ ಹಾಕುವುದಲ್ಲ, ಇಡೀ ಹತ್ತೊಂಬತ್ತು ನಿಮಿಷವನ್ನು ಬಿಚ್ಚುವುದು. ಯಾವ ಮುಖವೂ ತಾನು ಹುಟ್ಟಿದ ಕ್ಷಣದಿಂದ ಕದಲಬಾರದು. ಅದಕ್ಕೆ ಎರಡೂ ಕ್ಯಾಮೆರಾಗಳ ಕಾಲ ಒಂದಕ್ಕೊಂದು ಹೊಂದಬೇಕು. ದಾರಿ ಸುಲಭದ್ದೇ. ರೆಫ್ರಿಯ ಶಿಳ್ಳೆ ಎರಡೂ ಕ್ಯಾಮೆರಾದಲ್ಲಿ ದಾಖಲಾಗಿರುತ್ತದೆ. ಕಂಪ್ಯೂಟರಿನಲ್ಲಿ ಶಬ್ದದ ಗೆರೆಯಲ್ಲಿ ಅದು ಮೊನಚಾಗಿ ಎದ್ದು ಕಾಣುತ್ತದೆ. ಮೊನೆಗೆ ಮೊನೆ ಹೊಂದಿಸಿದರೆ ಆಯಿತು. ಜೊತೆಗೆ ಬಿಸಿಯೂಟದ ಅಕ್ಕನಿಗೆ ಫೋನ್ ಮಾಡಿದೆ. ದಸರಾ ರಜೆ, ಶಾಲೆ ಇರಲಿಲ್ಲ. "ನಾಕ್ ದಿನ ಬಂದು ನನ್ನ ಪಕ್ಕ ಕೂತ್ಕೋತೀರಾ ಅಕ್ಕ?"

"ನಮ್ಮುಡ್ಗಿ ಬತ್ತಾಳಾ?" ಅಂದಳು.

"ಅವಳಿಗೆ ಬೇರೆ ಕೆಲಸ ಇದೆ" ಅಂದೆ. ಅವಳನ್ನು ಕರೆದೇ ಇರಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಅಕ್ಕ ಬುತ್ತಿ ಕಟ್ಟಿಕೊಂಡು ಬಂದಳು. ಅದೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು. ಮೊದಲರ್ಧದ ಆಟ ಸಲೀಸಾಗಿ ಹೊಂದಿತು. ಶಿಳ್ಳೆಗೆ ಶಿಳ್ಳೆ ಕೂಡಿಸುತ್ತ ಹೋದೆ. ಅವಳು ಮಧ್ಯೆ ಮಧ್ಯೆ ಹೇಳುತ್ತಿದ್ದಳು. "ಇದು ಕಾರ್ನರು. ಈಗ ನೋಡು, ನಾನ್ ಬಯ್ತೀನಿ." ಪರದೆಯ ಮೇಲೆ ಅವಳು ಬಯ್ದಳು. ಪಕ್ಕದಲ್ಲಿ ಕೂತು ಅವಳನ್ನೇ ನೋಡಿದೆ. ಇಪ್ಪತ್ತು ವರ್ಷ ಯಾರೂ ಕರೆಯದಿದ್ದರೂ, ಬೇಡ ಅಂದರೂ, ಟ್ರೇಲರಿನ ಕಬ್ಬಿನ ರವುದಿ, ಒಣ ಗರಿ ಗುಡಿಸಿ ನಿಂತು ನೋಡುವಷ್ಟು ಪ್ರೀತಿ ಒಂದು ಆಟದ ಮೇಲೆ. ಅಂಥದ್ದು ನನಗೆ ಯಾವುದರ ಮೇಲಿದೆ ಎಂದು ಯೋಚಿಸಿದೆ, ಸಿಗಲಿಲ್ಲ. ಕಿಚ್ಚಿಗೆ ಇನ್ನೊಬ್ಬಳು ಸಿಕ್ಕಂತಾಯಿತು.

ಎರಡನೇ ಅರ್ಧಕ್ಕೆ ಬಂದಾಗ ಶಬ್ದವೇ ಇಲ್ಲ. ಟ್ರೇಲರಿನ ಕ್ಯಾಮೆರಾಕ್ಕೆ ಸಿಕ್ಕಿಸಿದ್ದ ಮೈಕಿನ ವೈರು ಕಿತ್ತುಬಂದಿತ್ತು, ಶಿಷ್ಯೆ ಗಮನಿಸಿರಲಿಲ್ಲ. ಮೊದಲ ವಾರ ನಾನೇ ಶಬ್ದ ಇಳಿಸಿ ನೋಡಿದ್ದರಿಂದ ನನಗೂ ತಿಳಿದಿರಲಿಲ್ಲ. ನಿಜ ಹೇಳುತ್ತೇನೆ, ಮೊದಲು ಖುಷಿಯಾಯಿತು. ನೋಟ್ಸು ಬರೆಯುವ ಜಾಣೆ ವೈರು ನೋಡಿಕೊಳ್ಳಲಿಲ್ಲವಲ್ಲ ಎಂದು. ಎರಡು ನಿಮಿಷದಲ್ಲಿ ಖುಷಿ ಇಳಿಯಿತು. ಶಿಳ್ಳೆ ಇಲ್ಲದೆ ಹೊಂದಿಸುವುದು ಹೇಗೆ? ಅಕ್ಕನ ಆಫ್‌ಸೈಡು ಇದ್ದದ್ದೇ ಎರಡನೇ ಅರ್ಧದಲ್ಲಿ.

ಅಕ್ಕ ಪರದೆಯ ಮೇಲೆ ತನ್ನ ತುಟಿಯನ್ನೇ ನೋಡಿ ಆಗ ಏನಂದಿದ್ದೆ ಎಂದು ಹೇಳಲು ಪ್ರಯತ್ನಪಟ್ಟಳು. ಮಧ್ಯಾಹ್ನದವರೆಗೆ ತಿಣುಕಿದೆವು. ಒಂದು ಕಡೆ ಹೊಂದಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಅವಳು ಬುತ್ತಿಯ ಬಾಕ್ಸು ಮುಚ್ಚುತ್ತ ಸುಮ್ಮನೆ ಕೇಳಿದಳು, "ನಮ್ಮುಡ್ಗಿ ವಾಚ್ ನೋಡ್ಕಂಡು ನೋಡ್ಕಂಡು ಒಂದ್ ಪುಸ್ತಕ್ದಲ್ಲಿ ಬರೀತಿದ್ಲಲ್ಲ. ಅದು ಎಲ್ಲದೆ?"

ನಾನು ಎದ್ದು ನಿಂತು ಎರಡು ಕೈಯಿಂದ ಮಾನಿಟರನ್ನು ಎತ್ತಿ ಹಿಡಿದೆ. "ಕೆಳಗಿದೆ, ಎಳ್ಕೊಳಿ" ಅಂದೆ. ಅವಳು ಎಳೆದಳು. ರಟ್ಟಿನ ಮೇಲೆ ಮಾನಿಟರಿನ ಕಾಲು ಅಚ್ಚಾಗಿ ಕೂತಿತ್ತು. ಅವಳು ಆ ಅಚ್ಚನ್ನು ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ನನ್ನ ಮುಖ ನೋಡಿದಳು.

ನೋಟ್‌ಬುಕ್ಕಿನಲ್ಲಿ ಎಲ್ಲ ಇತ್ತು. ಎರಡನೇ ಅರ್ಧ ಶುರುವಾದ ಹೊತ್ತು, ಕ್ಯಾಮೆರಾ ಒತ್ತಿದ ಹೊತ್ತು, ಆಮೇಲೆ ಒಂದೊಂದು ಫೌಲಿಗೂ ಗಳಿಗೆ. ಅದನ್ನು ಹಿಡಿದು ಹತ್ತಿರ ತಂದೆ. ಕೊನೆಯ ಚೂರುಪಾರು ವ್ಯತ್ಯಾಸವನ್ನು ಅಕ್ಕನ ಕಣ್ಣಿನಿಂದ ಸರಿಮಾಡಿದೆ. ಚೆಂಡು ಎತ್ತರಕ್ಕೆ ಹಾರಿದಾಗ ಹೆಂಗಸರ ಕತ್ತು ಒಟ್ಟಿಗೆ ಎತ್ತುತ್ತದೆ, ಚೆಂಡು ನೆಲಕ್ಕೆ ಬಿದ್ದಾಗ ಒಟ್ಟಿಗೆ ಇಳಿಯುತ್ತದೆ. ಅದೇ ನಮಗೆ ಶಿಳ್ಳೆಯಾಯಿತು.

ಆಫ್‌ಸೈಡಿನ ಜಾಗಕ್ಕೆ ಬಂದಾಗ ಸಂಜೆ ನಾಲ್ಕು. ಮೈದಾನದ ಕ್ಯಾಮೆರಾದಲ್ಲಿ ಲೈನ್ಸ್‌ಮನ್ ಬಾವುಟ ಎತ್ತುವ ಫ್ರೇಮಿಗೆ ಗುರುತು ಹಾಕಿದೆ. ಟ್ರೇಲರಿನ ಕ್ಯಾಮೆರಾದಲ್ಲಿ ಅಕ್ಕ ಕೈ ಅಡ್ಡ ಆಡಿಸಿ ಅಲ್ಲ ಎನ್ನುವ ಫ್ರೇಮಿಗೂ ಹಾಕಿದೆ. ಎರಡರ ನಡುವೆ ಮೂವತ್ತೊಂದು ಫ್ರೇಮು. ಸೆಕೆಂಡಿಗೆ ಇಪ್ಪತ್ತೈದು ಫ್ರೇಮು. ಬಾವುಟಕ್ಕಿಂತ ಒಂದು ಸೆಕೆಂಡಿಗೂ ಹೆಚ್ಚು ಮೊದಲೇ ಅವಳು ಹೇಳಿಬಿಟ್ಟಿದ್ದಳು. ಮೂರು ಸಲ ಎಣಿಸಿದೆ. "ಅದ್ಯಾಕವ್ವ ಅಷ್ಟೊಂದ್ ಎಣಿಸ್ತೀಯ, ನಾನೇ ಯೋಳ್ತಾ ಇಲ್ವಾ?" ಅಂದಳು.

ಇದನ್ನು ಕತ್ತರಿಸಬಾರದು ಅನ್ನಿಸಿತು. ಮೊದಲು ಮೈದಾನದ ನಲವತ್ತು ಸೆಕೆಂಡು, ಬಾವುಟಕ್ಕೆ ಮೊದಲೇ ನಿಲ್ಲಿಸಿ. ಆಮೇಲೆ ಅದೇ ನಲವತ್ತು ಸೆಕೆಂಡು ಅವಳ ಮುಖದ ಮೇಲೆ, ಒಂದು ಕಡೆಯೂ ಕತ್ತರಿ ಆಡಿಸದೆ. ಕೊನೆಗೆ ಬಾವುಟ. ಸಂಗೀತ ಬೇಡ. ಇಷ್ಟು ವರ್ಷದಲ್ಲಿ ನಾನು ಯಾವ ಮುಖವನ್ನೂ ನಾಲ್ಕು ಸೆಕೆಂಡಿಗಿಂತ ಹೆಚ್ಚು ಇಟ್ಟವಳಲ್ಲ. ಇದು ನನ್ನದೇ ಯೋಚನೆ ಎಂದು ಮೈ ಬೆಚ್ಚಗಾಯಿತು. ಆಮೇಲೆ ನೋಟ್‌ಬುಕ್ಕಿನ ಹಾಳೆ ತಿರುಗಿಸಿದೆ. ಆ ಕ್ಲಿಪ್ಪಿನ ಎದುರಿಗೆ ಶಿಷ್ಯೆಯ ದುಂಡಗಿನ ಅಕ್ಷರದಲ್ಲಿತ್ತು: 'ಇದನ್ನ ಕತ್ತರಿಸದೆ ಇಡೋಣ ಅಂತ ಅಕ್ಕನ್ನ ಕೇಳಬೇಕು.' ಆ ಅಕ್ಕ ನಾನೇ.

ಮರುದಿನ ಅಕ್ಕ ಬರುವ ಮೊದಲೇ ಶಿಷ್ಯೆ ಬಂದಳು. ಮೇಜಿನ ಮೇಲೆ ತೆರೆದಿದ್ದ ನೋಟ್‌ಬುಕ್ ನೋಡಿದಳು, ಮಾನಿಟರ್ ನೋಡಿದಳು. "ಸ್ಕ್ರೀನು ತಗ್ಗಾಗಿದೆಯಲ್ಲ ಅಕ್ಕ, ಕತ್ತು ನೋಯಲ್ವಾ?" ಎಂದು ಕಪಾಟಿನಿಂದ ಒಂದು ಹಳೇ ಮದುವೆ ಆಲ್ಬಮ್ ತೆಗೆದು ಅದರ ಕಾಲಡಿ ಇಟ್ಟಳು. ಅಚ್ಚು ಬಿದ್ದ ರಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದಳು. ನಾನು ಕ್ಷಮೆ ಕೇಳಲಿಲ್ಲ. ಬಾಯಿಗೆ ಬಂದಿತ್ತು, ಆದರೆ ಅವಳಿಗೆ ಅದೊಂದನ್ನೂ ಕೊಡಬೇಕೇ ಅನ್ನಿಸಿ ನುಂಗಿಕೊಂಡೆ.

ಹದಿಮೂರನೇ ದಿನ ಮಳವಳ್ಳಿಯ ಒಂದು ಸಭಾಂಗಣದಲ್ಲಿ ಪ್ರದರ್ಶನ. ಕಮಿಟಿಯ ಎಂಟು ಜನ ಮುಂದಿನ ಸಾಲಿನಲ್ಲಿ. ಹಿಂದೆ ಮೂರು ಸಾಲು ಕುರ್ಚಿ ಖಾಲಿ ಬಿದ್ದಿದ್ದರೂ ಹೆಂಗಸರು ಗೋಡೆಗೆ ಆತುಕೊಂಡು ನಿಂತಿದ್ದರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಅವರೂ ಕೂರಲಿಲ್ಲ. ನಾನು ಪ್ರೊಜೆಕ್ಟರ್ ಹತ್ತಿರ ಇದ್ದೆ.

ಕೆಂಪು ಅಂಗಿಯ ಹುಡುಗ ಚೆಂಡನ್ನು ಬಲೆಗೆ ಹೊಡೆದ. ಕಾರ್ಯದರ್ಶಿ ಪಕ್ಕದವರಿಗೆ ಕೇಳುವಂತೆ, "ಇದು ಗೋಲೇ ಕಣ್ರಿ. ಆ ಲೈನ್ಸ್‌ಮನ್ನು ನಮ್ಮ ಟೀಮಿಗೆ ಅನ್ಯಾಯ ಮಾಡ್ದ" ಅಂದರು. ಹೋದ ವರ್ಷದ ಆ ಸಿಟ್ಟು ಅವರಿಗಿನ್ನೂ ಆರಿರಲಿಲ್ಲ. ಆಗ ಪರದೆಯ ಮೇಲೆ ಅಕ್ಕನ ಮುಖ ಬಂತು. ಶಬ್ದವಿಲ್ಲ. ಅವಳ ಕಣ್ಣು ಒಂದು ಗೆರೆಯ ಉದ್ದಕ್ಕೂ ಓಡುತ್ತದೆ, ನಿಲ್ಲುತ್ತದೆ. ಪರದೆಯ ಕೆಳಗೆ ಅಕ್ಷರ: 'ಬುಡು, ಮುಂದ್ಕೆ ಓಗ್ಬುಟ್ಟಿದ್ದ. ಆಫ್‌ಸೈಡು.' ಆಮೇಲೆ ಕೊನೆಗೆ, ಮತ್ತೆ ಮೈದಾನ, ಆಗ ಬಾವುಟ ಏಳುತ್ತದೆ.

ಕಮಿಟಿಯ ಹಿರಿಯರೊಬ್ಬರು ಮತ್ತೊಮ್ಮೆ ಹಾಕಿ ಅಂದರು. ಹಾಕಿದೆ. ನಿಧಾನಕ್ಕೆ ಓಡಿಸಿ ಅಂದರು. ಓಡಿಸಿದೆ. ಜೊತೆಯವನು ಚೆಂಡು ಒದ್ದ ಗಳಿಗೆಯಲ್ಲಿ ಕೆಂಪು ಅಂಗಿಯವನು ಎಲ್ಲರಿಗಿಂತ ಒಂದು ಮಾರು ಮುಂದಿದ್ದ. ಹಿರಿಯರು ಕಾರ್ಯದರ್ಶಿಯ ಕಡೆ ತಿರುಗಿ, "ಏನಪ್ಪ, ವರ್ಷವೆಲ್ಲ ಬೈಕೊಂಡು ಓಡಾಡ್ದೆ. ಆಯಮ್ಮನ್ನ ಕೇಳಿದ್ರೆ ಅವತ್ತೇ ಹೇಳೋರು" ಅಂದರು. ಎಲ್ಲರೂ ನಕ್ಕರು. ಕಾರ್ಯದರ್ಶಿ ನಗಲಿಲ್ಲ. "ಟ್ರೇಲರ್ ಮೇಲಿಂದ ಗೆರೆ ಚೆನ್ನಾಗ್ ಕಾಣುತ್ತೆ" ಅಂದರು.

ಹಿಂದಿನ ಗೋಡೆಯಿಂದ ಅಕ್ಕನ ದನಿ ಬಂತು. "ಅಂಗಾರೆ ನೀವ್ ಟ್ರೇಲರ್ಗೆ ಬನ್ನಿ ಸೋಮಿ. ನಾವ್ ಒಳೀಕ್ ಬತ್ತೀವಿ."

ಶಾಮಿಯಾನ ಸಿಗಲಿಲ್ಲ. ಪೂರ್ವದ ಕಡೆ, ಬಿಸಿಲು ಬೀಳುವ ಜಾಗದಲ್ಲಿ, ಎರಡು ಸಾಲು ಮೆಟ್ಟಿಲು ಹೆಂಗಸರಿಗೆ ಎಂದು ತೀರ್ಮಾನವಾಯಿತು. ಅಕ್ಕನ ಕೈಗೆ ಮೈಕು ಕೊಟ್ಟರು. ಅವಳು ನನ್ನ ಶಿಷ್ಯೆಯನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ, "ಇದೆಲ್ಲ ನಮ್ಮುಡ್ಗಿಯಿಂದ ಆಗಿದ್ದು" ಅಂದಳು. ನನ್ನ ಪಕ್ಕ ನಾಲ್ಕು ದಿನ ಕೂತು, ತನ್ನ ಬುತ್ತಿಯ ಮುದ್ದೆ ಮುರಿದು ನನಗೂ ಕೊಟ್ಟವಳು. ನಾನು ಪ್ರೊಜೆಕ್ಟರಿನ ವೈರು ಸುತ್ತುತ್ತ ನಿಂತೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದೆ. ಹೊರಡುವಾಗ ಬಾಗಿಲಲ್ಲಿ ಅಕ್ಕ ನನ್ನ ತೋಳು ಹಿಡಿದಳು. "ಬರೋ ಭಾನ್ವಾರ ಮೊದಲ್ನೆ ಮ್ಯಾಚು. ನಿಂಗೂ ಒಂದ್ ಜಾಗ ಇಡ್ದಿರ್ತೀನಿ, ಬಾ."

ಹೋದೆ. ಎರಡು ಸಾಲೂ ತುಂಬಿತ್ತು. ತಲೆಯ ಮೇಲೆ ಸೆರಗು, ಕೈಯಲ್ಲಿ ನೀರಿನ ಬಾಟಲಿ. ಅಕ್ಕ ತನ್ನ ಪಕ್ಕದ ಕಲ್ಲಿನ ಮೇಲೆ ಬುತ್ತಿಯ ಚೀಲ ಇಟ್ಟು ಜಾಗ ಕಾದಿದ್ದಳು. ಶಿಷ್ಯೆ ಎಲ್ಲಿ ಎಂದು ಹುಡುಕಿದೆ. ಕಾಂಪೌಂಡಿನ ಆಚೆ ಅದೇ ಖಾಲಿ ಟ್ರೇಲರ್ ಮೇಲೆ ಒಬ್ಬಳೇ ನಿಂತು, ಕ್ಯಾಮೆರಾವನ್ನು ನಮ್ಮ ಕಡೆ ತಿರುಗಿಸಿಕೊಂಡಿದ್ದಳು. ಯಾರೂ ಇಲ್ಲದ ಟ್ರೇಲರಿನಿಂದ ಒಳಗೆ ಕೂತವರನ್ನು ತೆಗೆಯಬೇಕು ಎನ್ನುವುದು ನನಗಂತೂ ಹೊಳೆಯುತ್ತಿರಲಿಲ್ಲ.

ಇಪ್ಪತ್ತನೇ ನಿಮಿಷಕ್ಕೋ ಏನೋ, ಒಬ್ಬ ಹುಡುಗ ಓಡಿಬಂದು ಚೆಂಡನ್ನು ಬಲೆಗೆ ಹೊಡೆದ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಎರಡು ಸಾಲಿನಲ್ಲಿ ಎದ್ದವಳು ನಾನೊಬ್ಬಳೇ. ಅಕ್ಕ ಮೈದಾನದಿಂದ ಕಣ್ಣು ತೆಗೆಯದೆ ನನ್ನ ಸೆರಗು ಹಿಡಿದು ಕೆಳಕ್ಕೆ ಎಳೆದಳು.

"ಕುತ್ಕೊಳವ್ವ. ಬಾವುಟ ನೋಡು."

ನೋಡಿದೆ. ಆಗ ಏಳುತ್ತಿತ್ತು. ಕೂತೆ. ಟ್ರೇಲರ್ ಮೇಲಿನ ಕ್ಯಾಮೆರಾ ಅಲುಗಲಿಲ್ಲ, ನನ್ನ ಆ ಚಪ್ಪಾಳೆ ಅದರೊಳಗೆ ಬಿದ್ದಿದೆ. ನನ್ನ ಕೈಗೆ ಸಿಕ್ಕಿದ್ದರೆ ಅದನ್ನು ಎತ್ತಿ ಯಾವುದಾದರೂ ಒಳ್ಳೆಯ ಗೋಲಿನ ಪಕ್ಕಕ್ಕೆ ಇಟ್ಟುಬಿಡುತ್ತಿದ್ದೆ. ನನ್ನ ಶಿಷ್ಯೆ ಹಾಗೆ ಮಾಡುವವಳಲ್ಲ.